ಕಾಣದ ಅಲೆಗಳು, ಉಳಿದ ಕಾಗದಗಳು: ರಾಜೇಶ್ವರಿ ಚಟರ್ಜಿ ಅವರ ಬದುಕು ಮತ್ತು ಬರಹ

ರಾಜೇಶ್ವರಿ ಚಟರ್ಜಿ (1922–2010) ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ವಿಷಯದಲ್ಲಿ ಡಾಕ್ಟರೇಟ್ ಪಡೆದು, ಊರಿಗೆ ಮರಳಿ ಸುಮಾರು ಮೂವತ್ತು ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದವರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಅವರನ್ನು ಗುರುತಿಸಲಾಗಿದೆ. ಅವರ ಕ್ಷೇತ್ರ ಮೈಕ್ರೋವೇವ್ ಮತ್ತು ಆಂಟೆನಾ. ಪೀಣ್ಯ, ಜಾಲಹಳ್ಳಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಇಂದು ಸಾವಿರಾರು ಜನರಿಗೆ ಕೆಲಸ ಕೊಟ್ಟಿರುವ ವಿದ್ಯೆಗಳಲ್ಲಿ ಅದೂ ಒಂದು. ಅವರ ಬದುಕಿನ ವಿವರಗಳು ಹಲವು ಬಗೆಯ ಕಾಗದಗಳಲ್ಲಿ ಹಂಚಿಹೋಗಿವೆ: ಅವರೇ ಬರೆದ ವೈಯಕ್ತಿಕ ಇತಿಹಾಸ, ಪಠ್ಯಪುಸ್ತಕಗಳು, ಸಂಶೋಧನಾ ಲೇಖನಗಳು, ಕಾಲೇಜಿನ ಬಹುಮಾನಗಳ ದಾಖಲೆ, ಅಮೆರಿಕದ ವಿದ್ಯಾರ್ಥಿವೇತನದ ಕಡತ. ಇವೆಲ್ಲವನ್ನೂ ಒಟ್ಟಿಗಿಟ್ಟು ಓದಿದಾಗಲೇ ಈ ಊರಿನ ತಂತ್ರಜ್ಞಾನದ ಚರಿತ್ರೆಯಲ್ಲಿ ಅವರ ಜಾಗ ಸ್ಪಷ್ಟವಾಗುತ್ತದೆ.

ಅಜ್ಜಿಯ ಶಾಲೆ

ರಾಜೇಶ್ವರಿ ಹುಟ್ಟಿದ್ದು 1922ರ ಜನವರಿ 24ರಂದು. ಮೈಸೂರು ಸಂಸ್ಥಾನದಲ್ಲಿ ಹೆಣ್ಣುಮಕ್ಕಳ ಓದು ಆಗಷ್ಟೇ ಬೇರು ಬಿಡುತ್ತಿತ್ತು. 1917ರಲ್ಲಿ ನಂಜನಗೂಡು ತಿರುಮಲಾಂಬಾ ‘ಕರ್ನಾಟಕ ನಂದಿನಿ’ಯನ್ನು, 1921ರಲ್ಲಿ ಆರ್. ಕಲ್ಯಾಣಮ್ಮ ‘ಸರಸ್ವತಿ’ಯನ್ನು ಹೊರತಂದಿದ್ದರು. ಹೆಂಗಸರೇ ಸಂಪಾದಿಸಿ ಹೆಂಗಸರಿಗಾಗಿ ನಡೆಸುವ ಕನ್ನಡ ಪತ್ರಿಕೆಗಳು ಮನೆಮನೆಗೆ ಬರತೊಡಗಿದ್ದ ದಿನಗಳವು.

ರಾಜೇಶ್ವರಿಯವರ ಅಜ್ಜಿ ಕಮಲಮ್ಮ ದಾಸಪ್ಪ ಸಂಸ್ಥಾನದ ಮೊದಲ ತಲೆಮಾರಿನ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರು ಮತ್ತು ಗಂಡ ಬಿಟ್ಟ ಹೆಂಗಸರು ಓದಿ ತಮ್ಮ ಕಾಲ ಮೇಲೆ ನಿಲ್ಲಬೇಕೆಂದು ದುಡಿದವರು. ಅವರು ಸ್ಥಾಪಿಸಿದ ‘ಸ್ಪೆಷಲ್ ಇಂಗ್ಲಿಷ್ ಸ್ಕೂಲ್’ನಲ್ಲೇ ಮೊಮ್ಮಗಳ ಮೊದಲ ಓದು ನಡೆಯಿತು. ಗಂಡ ಸತ್ತ ಮೇಲೆ ಮೂಲೆ ಹಿಡಿದು ಕೂರಬೇಕಿದ್ದ ಹೆಂಗಸರಿಗೆ ಶಾಲೆಯ ಬಾಗಿಲು ತೆರೆಯಲು ಹೆಣಗಿದ ಅಜ್ಜಿಯ ಮನೆಯಲ್ಲಿ, ಹುಡುಗಿಯನ್ನು ಓದಿಸಬೇಕೇ ಬೇಡವೇ ಎಂಬ ಚರ್ಚೆ ಆಗಲೇ ಮುಗಿದುಹೋಗಿತ್ತು. ಏನು ಓದಬೇಕು ಎಂಬುದಷ್ಟೇ ಉಳಿದಿದ್ದ ಪ್ರಶ್ನೆ. ಶಾಲೆಯ ಕೊನೆಯ ಪರೀಕ್ಷೆ ಮುಗಿದಾಗ ರಾಜೇಶ್ವರಿಯವರ ಮನಸ್ಸು ಚರಿತ್ರೆಯ ಕಡೆಗೂ ಎಳೆದಿತ್ತು. ಕೊನೆಗೆ ಆರಿಸಿಕೊಂಡದ್ದು ಭೌತಶಾಸ್ತ್ರ ಮತ್ತು ಗಣಿತವನ್ನು. ಚರಿತ್ರೆಯ ಮೇಲಿನ ಆಸೆ ಮಾತ್ರ ಹೋಗಲಿಲ್ಲ. ನಿವೃತ್ತಿಯ ನಂತರ ಅದೇ ಅವರ ಕೈಯಲ್ಲಿ ಲೇಖನಿ ಹಿಡಿಸಿತು.

ಸೆಂಟ್ರಲ್ ಕಾಲೇಜು

ಸೆಂಟ್ರಲ್ ಕಾಲೇಜು 1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ವಿಜ್ಞಾನದ ಮುಖ್ಯ ಕೇಂದ್ರವಾಯಿತು. ರಾಜೇಶ್ವರಿ ಇಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಆನರ್ಸ್ ಮತ್ತು ಎಂ.ಎಸ್ಸಿ. ಮುಗಿಸಿ, ವಿಶ್ವವಿದ್ಯಾಲಯಕ್ಕೇ ಮೊದಲ ರ‍್ಯಾಂಕ್ ಪಡೆದರು. ಮುಮ್ಮಡಿ ಕೃಷ್ಣರಾಜ ಒಡೆಯರ್ ಬಹುಮಾನ, ಎಂ.ಟಿ. ನಾರಾಯಣ ಅಯ್ಯಂಗಾರ್ ಬಹುಮಾನ ಮತ್ತು ವಾಲ್ಟರ್ಸ್ ಸ್ಮಾರಕ ಬಹುಮಾನಗಳು ಅವರಿಗೆ ಸಂದವು.

ಎಂ.ಟಿ. ನಾರಾಯಣ ಅಯ್ಯಂಗಾರರು ಇದೇ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. ಭಾರತೀಯ ಗಣಿತ ಸಂಘದ ಪತ್ರಿಕೆಯ ಸಂಪಾದಕರಾಗಿದ್ದಾಗ, 1911ರಲ್ಲಿ, ಶ್ರೀನಿವಾಸ ರಾಮಾನುಜನ್ ಅವರ ಮೊದಲ ಲೇಖನವನ್ನು ಪ್ರಕಟಿಸಿದವರು. ರಾಮಾನುಜನ್ ಬರೆದುಕಳಿಸುತ್ತಿದ್ದುದನ್ನು ತಿದ್ದಿ ಅಚ್ಚಿಗೆ ಸಿದ್ಧಪಡಿಸಿದ ಅವರ ತಾಳ್ಮೆಯಿಂದ ಒಂದು ಪ್ರತಿಭೆ ಲೋಕದ ಕಣ್ಣಿಗೆ ಬಿತ್ತು. ಅವರ ಹೆಸರಿನ ಬಹುಮಾನ ರಾಜೇಶ್ವರಿಯವರಿಗೆ ಬಂದದ್ದು ಸೆಂಟ್ರಲ್ ಕಾಲೇಜಿನ ಗಣಿತ ಪರಂಪರೆಯ ಒಂದು ಕೊಂಡಿ. ಮುಂದೆ ಇಂಜಿನಿಯರಿಂಗ್‌ಗೆ ಹೊರಳಿದ ಮೇಲೂ ಅವರ ಸಂಶೋಧನೆಯಲ್ಲಿ ಗಣಿತದ್ದೇ ಮೇಲುಗೈ: ಅಲೆಗಳ ನಡೆಯನ್ನು ಮೊದಲು ಸಮೀಕರಣದಲ್ಲಿ ಹಿಡಿದು, ಆಮೇಲೆ ಪ್ರಯೋಗಶಾಲೆಯಲ್ಲಿ ಅಳೆಯುವುದು ಅವರ ರೀತಿ.

ಟಾಟಾ ಇನ್‌ಸ್ಟಿಟ್ಯೂಟ್‌ನ ಹೊಸ್ತಿಲು

ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ರಾಜೇಶ್ವರಿ 1943ರಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ಸೇರಿದ್ದು ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗಕ್ಕೆ, ಸಂಪರ್ಕ ತಂತ್ರಜ್ಞಾನದ ಅಧ್ಯಯನಕ್ಕೆ. ಹತ್ತು ವರ್ಷಗಳ ಹಿಂದೆ, 1933ರಲ್ಲಿ, ಬೊಂಬಾಯಿಯಿಂದ ಬಂದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಹೆಣ್ಣೆಂಬ ಕಾರಣಕ್ಕೇ ಇಲ್ಲಿ ಪ್ರವೇಶ ಸಿಗದೆ, ಪಟ್ಟು ಹಿಡಿದು ಷರತ್ತಿನ ಮೇಲೆ ಜಾಗ ಪಡೆದಿದ್ದರು. 1940ರಲ್ಲಿ ಅನ್ನಾ ಮಣಿ ಸಿ.ವಿ. ರಾಮನ್ ಅವರ ಪ್ರಯೋಗಾಲಯಕ್ಕೆ ಬಂದು ವಜ್ರ, ಮಾಣಿಕ್ಯಗಳ ಮೇಲೆ ಕೆಲಸ ಮಾಡಿದ್ದರು. ರಾಜೇಶ್ವರಿ ಕಾಲಿಟ್ಟಾಗ ಸಂಸ್ಥೆಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿತ್ತಾದರೂ, ಇಂಜಿನಿಯರಿಂಗ್ ಕಡೆಗೆ ಹೋಗುವ ಹುಡುಗಿಯರು ವಿರಳವಾಗಿದ್ದರು.

ಎರಡನೆಯ ಮಹಾಯುದ್ಧ ರೇಡಿಯೊ ವಿಜ್ಞಾನದ ದಿಕ್ಕನ್ನೇ ಬದಲಿಸಿತು. ಶತ್ರು ವಿಮಾನವನ್ನು ದೂರದಿಂದಲೇ ಪತ್ತೆ ಹಚ್ಚುವ ರಡಾರ್‌ಗೆ ಬೇಕಾದದ್ದು ಚಿಕ್ಕ ಅಲೆಗಳು, ಅಂದರೆ ಮೈಕ್ರೋವೇವ್. ಯುದ್ಧ ಮುಗಿಯುತ್ತಿದ್ದಂತೆ ಈ ವಿದ್ಯೆ ಗುಟ್ಟಿನ ಕೋಣೆಗಳಿಂದ ಹೊರಬಂದು ವಿಶ್ವವಿದ್ಯಾಲಯಗಳ ಪಾಠಪಟ್ಟಿ ಸೇರಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದ ಭಾರತಕ್ಕೆ ಇದನ್ನು ಕಲಿತು ಬರುವವರು ಬೇಕಿತ್ತು. 1946ರಲ್ಲಿ ದೆಹಲಿಯ ಸರ್ಕಾರ ಪ್ರತಿಭಾವಂತರನ್ನು ವಿದೇಶಕ್ಕೆ ಕಳಿಸಲು ಕೊಟ್ಟ ವಿದ್ಯಾರ್ಥಿವೇತನಕ್ಕೆ ರಾಜೇಶ್ವರಿ ಆಯ್ಕೆಯಾದರು.

ಆನ್ ಆರ್ಬರ್, ವಾಷಿಂಗ್ಟನ್

ಅವರು ಹೊರಟದ್ದು 1947ರಲ್ಲಿ, ಹಡಗಿನಲ್ಲಿ. ಮದುವೆಯಾಗದ, ಇಪ್ಪತ್ತೈದರ ಹೆಣ್ಣುಮಗಳು ಒಬ್ಬಳೇ ಕಡಲು ದಾಟಿ ಓದಲು ಹೋಗುವುದು ಆ ಕಾಲದ ಮೈಸೂರು ಸೀಮೆಯಲ್ಲಿ ದೊಡ್ಡ ಸಂಗತಿ. ಸೇರಿದ್ದು ಆನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾಲಯಕ್ಕೆ. ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ ಮೇಲೆ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೊ ಆಫ್ ಸ್ಟಾಂಡರ್ಡ್ಸ್‌ನಲ್ಲಿ, ರೇಡಿಯೊ ಆವರ್ತನಗಳನ್ನು ಅಳೆಯುವ ವಿಭಾಗದಲ್ಲಿ, ಎಂಟು ತಿಂಗಳು ತರಬೇತಿ ಪಡೆದರು. ಒಂದು ದೇಶದ ಅಳತೆಗೋಲುಗಳನ್ನೆಲ್ಲ ಕಾಯುವ ಸಂಸ್ಥೆ ಅದು. ಅಲ್ಲಿ ಕಲಿತದ್ದು, ಸಂಖ್ಯೆಯನ್ನು ಬರೆಯುವ ಮೊದಲು ಅದರಲ್ಲಿ ಎಷ್ಟು ತಪ್ಪಿರಬಹುದೆಂದು ಕೇಳಿಕೊಳ್ಳುವ ಶಿಸ್ತು.

1949ರಲ್ಲಿ ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ ಮತ್ತೆ ಮಿಷಿಗನ್‌ಗೆ ಮರಳಿದರು. ಈ ವೇತನಕ್ಕೆ ತನ್ನದೇ ಚರಿತ್ರೆಯಿದೆ. ಡೆಟ್ರಾಯಿಟ್‌ನ ಲೀವೈ ಬಾರ್ಬರ್ ಆ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ. ಏಷ್ಯಾ ಪ್ರವಾಸದಲ್ಲಿ, ಮಿಷಿಗನ್‌ನಲ್ಲಿ ವೈದ್ಯಕೀಯ ಓದಿ ತಮ್ಮ ನಾಡಿಗೆ ಹಿಂದಿರುಗಿದ ಹೆಣ್ಣುಮಕ್ಕಳು ಮಾಡುತ್ತಿದ್ದ ಸೇವೆಯನ್ನು ಕಂಡು, ಏಷ್ಯಾದ ಮಹಿಳೆಯರಿಗಾಗಿಯೇ 1917ರಲ್ಲಿ ಈ ನಿಧಿಯನ್ನು ಸ್ಥಾಪಿಸಿದರು. ಕೇರಳದ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ 1920ರ ದಶಕದಲ್ಲಿ ಇದೇ ನೆರವಿನಿಂದ ಓದಿ, 1931ರಲ್ಲಿ ಅಲ್ಲಿಂದ ಡಾಕ್ಟರೇಟ್ ಪಡೆದಿದ್ದರು.

ರಾಜೇಶ್ವರಿಯವರ ಮಾರ್ಗದರ್ಶಕ ವಿಲಿಯಂ ಗೌಲ್ಡ್ ಡೌ. ನಿರ್ವಾತ ನಳಿಕೆಗಳಲ್ಲಿ ಎಲೆಕ್ಟ್ರಾನುಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದರಲ್ಲಿ ಪರಿಣತ. ಯುದ್ಧಕಾಲದಲ್ಲಿ ಶತ್ರುಗಳ ರಡಾರನ್ನು ಕೆಡಿಸುವ ಸಂಶೋಧನೆಯಲ್ಲಿ ದುಡಿದಿದ್ದವರು. 1953ರಲ್ಲಿ ಪಿಎಚ್.ಡಿ. ಮುಗಿಯಿತು. ಅಮೆರಿಕದಲ್ಲಿ ಎಲೆಕ್ಟ್ರಾನಿಕ್ಸ್ ಉದ್ಯಮ ಬೆಳೆಯುತ್ತಿದ್ದ ಹೊತ್ತಿನಲ್ಲಿ ಅವರು ಬೆಂಗಳೂರಿಗೆ ಹಿಂದಿರುಗಿದರು.

ಮೈಕ್ರೋವೇವ್ ಪ್ರಯೋಗಾಲಯ

ಅದೇ ವರ್ಷ ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ಕಮ್ಯುನಿಕೇಶನ್ ಇಂಜಿನಿಯರಿಂಗ್ ವಿಭಾಗದ ಅಧ್ಯಾಪಕರಾದರು. ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು. ಇಬ್ಬರೂ ಸೇರಿ ಅಲ್ಲಿ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿದರು. ವಿದ್ಯುತ್ಕಾಂತೀಯ ಸಿದ್ಧಾಂತ, ಎಲೆಕ್ಟ್ರಾನ್ ನಳಿಕೆಗಳ ಮಂಡಲ, ಮೈಕ್ರೋವೇವ್ ತಂತ್ರಜ್ಞಾನ, ರೇಡಿಯೊ ಇಂಜಿನಿಯರಿಂಗ್ — ಇವು ರಾಜೇಶ್ವರಿ ಕಲಿಸಿದ ವಿಷಯಗಳು.

ಅವರ ಸಂಶೋಧನೆ ಏನೆಂದು ತಿಳಿಯಲು ಈ ಅಲೆಗಳ ಸ್ವಭಾವ ತಿಳಿದಿರಬೇಕು. ಮೈಕ್ರೋವೇವ್‌ಗಳ ತರಂಗಾಂತರ ಸುಮಾರು 30 ಸೆಂಟಿಮೀಟರ್‌ನಿಂದ 1 ಮಿಲಿಮೀಟರ್‌ವರೆಗೆ. ಮನೆಯ ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಇಷ್ಟು ಚಿಕ್ಕ ಅಲೆಯನ್ನು ಮಾಮೂಲಿ ತಂತಿಗಳಲ್ಲಿ ಕಳಿಸಹೊರಟರೆ ತಂತಿಯೇ ಆಂಟೆನಾದಂತಾಗಿ ಶಕ್ತಿಯನ್ನು ಹೊರಗೆ ಚೆಲ್ಲುತ್ತದೆ. ಆದ್ದರಿಂದ, ಕಾಲುವೆಯಲ್ಲಿ ನೀರು ಹಾಯಿಸಿದಂತೆ, ಟೊಳ್ಳಾದ ಲೋಹದ ಕೊಳವೆಗಳಲ್ಲಿ ಅಲೆಗಳನ್ನು ಹಾಯಿಸುತ್ತಾರೆ, ಇದೇ ವೇವ್‌ಗೈಡ್. ಇನ್ನೊಂದು ದಾರಿಯೂ ಇದೆ. ಲೋಹದ ತಂತಿಗೆ ವಿದ್ಯುತ್ ಹರಿಯಗೊಡದ ವಸ್ತುವಿನ ಹೊದಿಕೆ ಕೊಟ್ಟರೆ, ಅಥವಾ ಅಂಥ ವಸ್ತುವಿನ ಸರಳನ್ನೇ ಬಳಸಿದರೆ, ಅಲೆ ಅದರ ಮೈಗಂಟಿಕೊಂಡು ಸಾಗುತ್ತದೆ. ಸರಳಿನ ಅಳತೆ, ಆಕಾರಗಳನ್ನು ಸರಿಯಾಗಿ ಆರಿಸಿದರೆ ಅದರ ತುದಿಯಿಂದ ಅಲೆ ಬೇಕಾದ ದಿಕ್ಕಿಗೆ ಹೊರಡುತ್ತದೆ, ಅಂದರೆ ಸರಳೇ ಆಂಟೆನಾ ಆಗುತ್ತದೆ. ಚಟರ್ಜಿ ದಂಪತಿಯ ಲೇಖನಗಳಲ್ಲಿ ಬಹಳಷ್ಟು ಈ ಮೇಲ್ಮೈ ಅಲೆಗಳು ಮತ್ತು ಇಂಥ ಆಂಟೆನಾಗಳ ಕುರಿತಾದವು. ಹಲವು ಲೇಖನಗಳು ಸಂಸ್ಥೆಯದೇ ಸಂಶೋಧನಾ ಪತ್ರಿಕೆಯಲ್ಲಿ ಬಂದಿವೆ.

ಅಳತೆ ಸಾವಧಾನದ ಕೆಲಸ. ವೇವ್‌ಗೈಡ್‌ನಲ್ಲಿ ಉದ್ದಕ್ಕೆ ಸೀಳು ಬಿಟ್ಟು, ಅದರೊಳಗೆ ಸಣ್ಣ ಶೋಧಕವನ್ನು ಇಷ್ಟಿಷ್ಟೇ ಸರಿಸುತ್ತ, ಅಲೆ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂದು ಗುರುತು ಹಾಕಿಕೊಳ್ಳಬೇಕು. ಎರಡು ಇಳಿವುಗಳ ನಡುವಿನ ದೂರ ತರಂಗಾಂತರದ ಅರ್ಧ. ಹೀಗೆ ಬಿಂದುಬಿಂದುವಾಗಿ ಬರೆದ ಅಂಕಿಗಳಿಂದ ಗ್ರಾಫ್ ಮೂಡುತ್ತದೆ. ಗ್ರಾಫ್ ಸಮೀಕರಣಕ್ಕೆ ಹೊಂದಿತೇ ಎಂದು ನೋಡಬೇಕು. ಕಂಪ್ಯೂಟರ್ ಕೈಗೆ ಸಿಗದಿದ್ದ, ವಿದೇಶಿ ವಿನಿಮಯದ ಕೊರತೆಯಿಂದ ಉಪಕರಣ ತರಿಸುವುದೇ ಕಷ್ಟವಾಗಿದ್ದ ದಿನಗಳಲ್ಲಿ ಒಂದು ಪಿಎಚ್.ಡಿ.ಯ ಹಿಂದೆ ಇಂಥ ಅಂಕಿಗಳ ಪುಟಗಟ್ಟಲೆ ಬರಹ ಇರುತ್ತಿತ್ತು. ರಾಜೇಶ್ವರಿಯವರ ಮಾರ್ಗದರ್ಶನದಲ್ಲಿ 20 ಮಂದಿ ಪಿಎಚ್.ಡಿ. ಪಡೆದರು. ಸ್ವತಃ ರಾಜೇಶ್ವರಿ ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ ಮತ್ತು ಏಳು ಪುಸ್ತಕಗಳನ್ನು ಬರೆದರು, ಪ್ರಾಧ್ಯಾಪಕರಾಗಿ ವಿಭಾಗದ ಮುಖ್ಯಸ್ಥರೂ ಆದರು. ಬ್ರಿಟನ್ನಿನ ಇಂಜಿನಿಯರುಗಳ ಸಂಸ್ಥೆಯೊಂದರ ಮೌಂಟ್‌ಬ್ಯಾಟನ್ ಬಹುಮಾನ, ಭಾರತದ ಇಂಜಿನಿಯರುಗಳ ಸಂಸ್ಥೆಯ ಜೆ.ಸಿ. ಬೋಸ್ ಸ್ಮಾರಕ ಬಹುಮಾನ, ಬೋಧನೆ ಮತ್ತು ಸಂಶೋಧನೆಗಾಗಿ ರಾಮ್‌ಲಾಲ್ ವಾಧ್ವಾ ಪ್ರಶಸ್ತಿ ಅವರಿಗೆ ಬಂದವು. 1982ರಲ್ಲಿ ನಿವೃತ್ತರಾದರು.

ಊರಂಚಿನ ಕಾರ್ಖಾನೆಗಳು

ಅವರು ಪಾಠ ಮಾಡುತ್ತಿದ್ದ ಮೂರು ದಶಕಗಳಲ್ಲಿಯೇ ಬೆಂಗಳೂರಿನ ಅಂಚುಗಳು ಬದಲಾದವು. 1948ರಲ್ಲಿ ಹಳೆ ಮದ್ರಾಸು ರಸ್ತೆಯಲ್ಲಿ ಟೆಲಿಫೋನು ಮಾಡುವ ಐಟಿಐ ಸ್ಥಾಪನೆಯಾಗಿ, ಅದರ ಸುತ್ತ ದೂರವಾಣಿನಗರ ಬೆಳೆಯಿತು. 1954ರಲ್ಲಿ ಜಾಲಹಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಾದ ಬಿಇಎಲ್ ಬಂತು. 1958ರಲ್ಲಿ ರಡಾರ್ ಅಭಿವೃದ್ಧಿಪಡಿಸುವ ರಕ್ಷಣಾ ಇಲಾಖೆಯ ಎಲ್‌ಆರ್‌ಡಿಇ ಪ್ರಯೋಗಾಲಯ ಹುಟ್ಟಿತು. 1970ರ ದಶಕದ ಮೊದಲ ಭಾಗದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿ ಕಡೆಯ ಯು.ಆರ್. ರಾವ್ ಅವರ ನೇತೃತ್ವದಲ್ಲಿ, ದೇಶದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. ರಡಾರ್, ಉಪಗ್ರಹ, ದೂರಸಂಪರ್ಕ ಮೂರಕ್ಕೂ ಆಂಟೆನಾ ಮತ್ತು ಮೈಕ್ರೋವೇವ್ ಬಲ್ಲ ಇಂಜಿನಿಯರುಗಳು ಬೇಕು. ಯಶವಂತಪುರದ ಪಕ್ಕದ ಒಂದು ಪ್ರಯೋಗಾಲಯದಲ್ಲಿ ಅಂಥವರು ತಯಾರಾಗುತ್ತಿದ್ದುದು ಪೀಣ್ಯ–ಜಾಲಹಳ್ಳಿ ಪಟ್ಟಿಗೆ ಒದಗಿದ ದೊಡ್ಡ ಬಲ.

ಐಟಿ ಕಥೆಯಲ್ಲೂ ಈ ಅಲೆಗಳು ಇವೆ. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯನ್ನು ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಮೂಲಕ ರೂಪಿಸಿದವರು ಆರ್.ಕೆ. ಬಾಳಿಗ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ತನ್ನ ಕೆಲಸವನ್ನು ಅಮೆರಿಕಕ್ಕೆ ಕಳಿಸಿದ್ದು ಉಪಗ್ರಹ ಸಂಪರ್ಕದಿಂದ. 1991ರಲ್ಲಿ ಕೇಂದ್ರ ಸರ್ಕಾರದ ಎಸ್‌ಟಿಪಿಐ (ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ) ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೆಲೆ ಮಾಡಿ, ಸಣ್ಣ ಕಂಪನಿಗಳಿಗೂ ಭೂಕೇಂದ್ರದ ಮೂಲಕ ವಿದೇಶದ ಸಂಪರ್ಕ ಒದಗಿಸಿತು. ಕಂಪನಿಯ ಮಾಳಿಗೆಯಿಂದ ಭೂಕೇಂದ್ರಕ್ಕೆ ಮೈಕ್ರೋವೇವ್ ರೇಡಿಯೊ, ಅಲ್ಲಿಂದ ಉಪಗ್ರಹಕ್ಕೆ ದೊಡ್ಡ ಡಿಶ್. ಆಪ್ಟಿಕಲ್ ಫೈಬರ್ ಎಲ್ಲೆಡೆ ಹರಡುವ ಮೊದಲು ಬೆಂಗಳೂರಿನ ಸಾಫ್ಟ್‌ವೇರ್ ಕಡಲಾಚೆಗೆ ಹೋದದ್ದು ಹೀಗೆ. ವೈಟ್‌ಫೀಲ್ಡಿನ ಟೆಕ್ ಪಾರ್ಕುಗಳಲ್ಲಿ ಇಂದು ಮೊಬೈಲ್ ಸಂಪರ್ಕದ ಚಿಪ್ಪು ವಿನ್ಯಾಸ ಮಾಡುವ ತರುಣಿಯರು ಲೆಕ್ಕ ಹಾಕುವುದೂ ಇವೇ ಅಲೆಗಳ ನಡೆಯನ್ನು.

ಬರೆದಿಟ್ಟ ಬದುಕು

ನಿವೃತ್ತಿಯ ನಂತರ ರಾಜೇಶ್ವರಿ ಎರಡು ಬಗೆಯ ಬರಹಕ್ಕೆ ಕೂತರು. ಮೊದಲನೆಯದು ವೃತ್ತಿಯದು. ‘ಎಲಿಮೆಂಟ್ಸ್ ಆಫ್ ಮೈಕ್ರೋವೇವ್ ಇಂಜಿನಿಯರಿಂಗ್’, ‘ಆಂಟೆನಾ ಥಿಯರಿ ಅಂಡ್ ಪ್ರಾಕ್ಟಿಸ್’ ಮುಂತಾದ ಪುಸ್ತಕಗಳು 1980ರ ದಶಕದಲ್ಲಿ ಹೊರಬಂದವು. ಹಲವು ವರ್ಷಗಳ ಪಾಠ, ಪ್ರಯೋಗಗಳ ಸಾರ ಅವುಗಳಲ್ಲಿದೆ.

ಎರಡನೆಯದು ಮನೆ ಮತ್ತು ಸಮಾಜದ್ದು. ಭಾರತೀಯ ಮಹಿಳಾ ಅಧ್ಯಯನ ಸಂಘದ ಕೆಲಸದಲ್ಲಿ ಅವರು ತೊಡಗಿಕೊಂಡರು. ‘ಎ ಥೌಸಂಡ್ ಸ್ಟ್ರೀಮ್ಸ್’ ಎಂಬ ಪುಸ್ತಕ ಬರೆದು, ಅದನ್ನು ವೈಯಕ್ತಿಕ ಇತಿಹಾಸ ಎಂದು ಕರೆದರು. ಭಾರತದ ಹೆಂಗಸರು, ಗಂಡಸರ ನಿಜಕಥೆಗಳನ್ನು ‘ವಸುಧೈವ ಕುಟುಂಬಕಂ’ ಎಂಬ ಇನ್ನೊಂದು ಪುಸ್ತಕದಲ್ಲಿ ಕೂಡಿಸಿದರು. ಇಂಜಿನಿಯರೊಬ್ಬರು ಮುಪ್ಪಿನಲ್ಲಿ ಈ ಕೆಲಸಕ್ಕೆ ಕೈಹಾಕಿದ್ದಕ್ಕೆ ಬೆಲೆ ಕಟ್ಟುವಾಗ ಅವರ ಅಜ್ಜಿಯನ್ನು ನೆನೆಯಬೇಕು. ಕಮಲಮ್ಮನವರಂಥ ನೂರಾರು ಹೆಂಗಸರು ಶಾಲೆ ಕಟ್ಟಿದರು, ಅನಾಥೆಯರಿಗೆ ನೆರಳಾದರು. ಅವರ ಹೆಸರುಗಳಾದರೂ ಉಳಿದಿರುವುದು ಮಕ್ಕಳೋ ಮೊಮ್ಮಕ್ಕಳೋ ಬರೆದಿಟ್ಟಲ್ಲಿ ಮಾತ್ರ. ಕಮಲಮ್ಮ ದಾಸಪ್ಪನವರ ಶಾಲೆಯ ನೆನಪು ವಿಜ್ಞಾನದ ಚರಿತ್ರೆಯ ಪುಟ ಸೇರಿದ್ದು ಮೊಮ್ಮಗಳಿಂದ. 2008ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಬೆಂಗಳೂರಿನಿಂದ ಪ್ರಕಟಿಸಿದ ‘ಲೀಲಾವತೀಸ್ ಡಾಟರ್ಸ್’ ಸಂಪುಟದಲ್ಲಿ ಸುಮಾರು ನೂರು ಮಹಿಳಾ ವಿಜ್ಞಾನಿಗಳ ಬದುಕಿದೆ. ರಾಜೇಶ್ವರಿಯವರ ಓದು, ಬಹುಮಾನ, ಪ್ರವಾಸಗಳ ಅಡಕವಾದ ವಿವರ ಅದರಲ್ಲಿ ಸಿಗುತ್ತದೆ.

ಅಚ್ಚಾಗದ ಕಾಗದಗಳ ದಾರಿ ಬೇರೆ. ಬಾರ್ಬರ್ ವಿದ್ಯಾರ್ಥಿವೇತನ ಸಮಿತಿಯ ದಾಖಲೆಗಳನ್ನು ಮಿಷಿಗನ್ ವಿಶ್ವವಿದ್ಯಾಲಯದ ಬೆಂಟ್ಲಿ ಐತಿಹಾಸಿಕ ಗ್ರಂಥಾಲಯ ಕಾಪಾಡಿದೆ. ಒಂದು ನಿಧಿಯ ಲೆಕ್ಕಪತ್ರವಾಗಿ ಹುಟ್ಟಿದ ಕಡತಗಳು ಇಂದು ಏಷ್ಯಾದ ಮೊದಲ ಮಹಿಳಾ ವೈದ್ಯರ, ವಿಜ್ಞಾನಿಗಳ, ಶಿಕ್ಷಕಿಯರ ಚರಿತ್ರೆಗೆ ಆಕರ. ಜಾನಕಿ ಅಮ್ಮಾಳ್ ಅವರ ಜೀವನಚರಿತ್ರೆಯನ್ನು ಸಾವಿತ್ರಿ ಪ್ರೀತಾ ನಾಯರ್ ಕಟ್ಟಿದ್ದು ಹಲವು ದೇಶಗಳಲ್ಲಿ ಚದುರಿದ್ದ ಪತ್ರಗಳನ್ನು ಹುಡುಕಿ. ಅನ್ನಾ ಮಣಿ 1945ರಲ್ಲಿ ಸಲ್ಲಿಸಿದ ಪ್ರಬಂಧಕ್ಕೆ, ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ, ಮದ್ರಾಸು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಆದರೆ ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಪದವಿ ಪಡೆದವರ ಪ್ರಬಂಧಗಳ ಸಾಲಿನಲ್ಲೇ, ಉಳಿದುಕೊಂಡಿತು. ಅದು ಉಳಿದದ್ದರಿಂದಲೇ ಅವರಿಗಾದ ಅನ್ಯಾಯಕ್ಕೆ ಸಾಕ್ಷಿಯೂ ಉಳಿಯಿತು.

ಕಾಪಿಡಬೇಕಾದದ್ದು

ವಿಜ್ಞಾನಿಯ ವೈಯಕ್ತಿಕ ಕಾಗದಗಳೆಂದರೆ ಪ್ರಶಸ್ತಿ ಪತ್ರಗಳಷ್ಟೇ ಅಲ್ಲ. ಪ್ರಯೋಗದ ನೋಟ್‌ಬುಕ್ಕು, ಪಾಠದ ಟಿಪ್ಪಣಿ, ವಿದ್ಯಾರ್ಥಿಗಳಿಗೆ ಬರೆದ ಪತ್ರ, ಮನೆಗೆ ಬರೆದ ಪತ್ರ, ಹಡಗಿನ ಟಿಕೆಟ್ಟು, ಹಾಸ್ಟೆಲಿನ ಫೋಟೊ, ತಿರಸ್ಕೃತ ಲೇಖನದ ಕರಡು — ಇವೆಲ್ಲ ಸೇರುತ್ತವೆ. ಅಚ್ಚಾದ ಲೇಖನ ಸಿಕ್ಕ ಉತ್ತರವನ್ನು ಹೇಳುತ್ತದೆ. ಉತ್ತರ ಸಿಗುವ ಮೊದಲಿನ ತಡಕಾಟ ನೋಟ್‌ಬುಕ್ಕಿನಲ್ಲಿರುತ್ತದೆ. ಪತ್ರಾಗಾರದವರು ಇಂಥ ಕಾಗದಗಳನ್ನು ಒಡೆಯರು ಇಟ್ಟುಕೊಂಡಿದ್ದ ಕ್ರಮದಲ್ಲೇ ಉಳಿಸಿಕೊಳ್ಳುತ್ತಾರೆ, ಏಕೆಂದರೆ ಯಾವ ಕಾಗದ ಯಾವುದರ ಪಕ್ಕದಲ್ಲಿತ್ತು ಎಂಬುದೂ ಒಂದು ಮಾಹಿತಿ. ತುಕ್ಕು ಹಿಡಿದ ಪಿನ್ನು ತೆಗೆದು, ಆಮ್ಲವಿಲ್ಲದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪ್ರತಿ ಕಡತಕ್ಕೂ ಪಟ್ಟಿ ಮಾಡುತ್ತಾರೆ.

ಬೆಂಗಳೂರಿನಲ್ಲಿ ಈ ಅರಿವು ಬೆಳೆದಿದೆ. ವಿಜ್ಞಾನ ಸಂಸ್ಥೆ ತನ್ನ ಶತಮಾನೋತ್ಸವದ ಹೊತ್ತಿಗೆ ಪತ್ರಾಗಾರವನ್ನು ಆರಂಭಿಸಿತು. ಬಳ್ಳಾರಿ ರಸ್ತೆಯ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಪತ್ರಾಗಾರ 2019ರಿಂದ ಸಾರ್ವಜನಿಕರಿಗೂ ತೆರೆದಿದೆ. ಆದರೆ ಪೀಣ್ಯದ ಶೆಡ್ಡುಗಳಲ್ಲಿ, ಜಾಲಹಳ್ಳಿ ಮತ್ತು ದೂರವಾಣಿನಗರದ ಕ್ವಾರ್ಟರ್ಸ್‌ಗಳಲ್ಲಿ ಬದುಕು ಸವೆಸಿದ ಮೊದಲ ತಲೆಮಾರಿನ ಹೆಣ್ಣುಮಕ್ಕಳು ಈಗ ಮುಪ್ಪಿಗೆ ಬಂದಿದ್ದಾರೆ: ಜೋಡಣೆಯ ಸಾಲಿನಲ್ಲಿ ಕೂತು ಸಾಲ್ಡರ್ ಮಾಡಿದವರು, ನಕ್ಷೆ ಬರೆದವರು, ಪ್ರಯೋಗಾಲಯದಲ್ಲಿ ಅಂಕಿ ಬರೆದುಕೊಂಡವರು. ಮನೆ ಬದಲಿಸುವಾಗ ಹಳೆ ಪೇಪರಿನವನ ತಕ್ಕಡಿಗೆ ಹೋಗುವ ಡೈರಿ, ಗುರುತಿನ ಚೀಟಿ, ಸಂಬಳದ ಪುಸ್ತಕಗಳು ಈ ನಗರ ಹೇಗೆ ಬೆಳೆಯಿತೆಂಬುದರ ಮೂಲ ದಾಖಲೆಗಳು. ಅವನ್ನು ಉಳಿಸುವುದು ಮನೆಯವರಿಂದಲೇ ಮೊದಲಾಗಬೇಕು: ಫೋಟೊದ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆಯುವುದು, ಪತ್ರಗಳನ್ನು ಲಕೋಟೆಯ ಜೊತೆಗೇ ಇಡುವುದು, ಅಜ್ಜಿಯರ ಮಾತನ್ನು ಮೊಬೈಲಿನಲ್ಲಿ ದಾಖಲಿಸಿ, ಕೇಳಿದ ದಿನಾಂಕ ನಮೂದಿಸುವುದು.

ರಾಜೇಶ್ವರಿ ಚಟರ್ಜಿ 2010ರ ಸೆಪ್ಟೆಂಬರ್ 3ರಂದು ತೀರಿಕೊಂಡರು. ಅವರ ಮಗಳೂ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು. 2020ರ ಫೆಬ್ರವರಿ 28ರಂದು, ರಾಷ್ಟ್ರೀಯ ವಿಜ್ಞಾನ ದಿನದಂದು, ಭಾರತ ಸರ್ಕಾರ 11 ಮಹಿಳಾ ವಿಜ್ಞಾನಿಗಳ ಹೆಸರಿನಲ್ಲಿ ಪೀಠಗಳನ್ನು ಘೋಷಿಸಿದಾಗ, ಜಾನಕಿ ಅಮ್ಮಾಳ್, ಅನ್ನಾ ಮಣಿ, ಇರಾವತಿ ಕರ್ವೆ ಮೊದಲಾದವರ ಜೊತೆ ರಾಜೇಶ್ವರಿಯವರ ಹೆಸರೂ ಇತ್ತು. ಆ ಗೌರವ ಸಲ್ಲಲು ಅವರ ಸಾಧನೆ ಕಾರಣ. ಆ ಸಾಧನೆ ಮುಂದಿನವರಿಗೆ ತಿಳಿಯಲು ಕಾರಣ ಅವರು ಮತ್ತು ಹಲವು ಸಂಸ್ಥೆಗಳು ಬರೆದು ಉಳಿಸಿದ ಕಾಗದಗಳು.